ಹಾಲು ಬಿಟ್ಟರೆ ಒಳ್ಳೆಯವರಾಗುತ್ತೇವೆಯೇ?

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥದೊಂದು ಮಾತುಕತೆ ಈಗಾಗಲೇ ನಡೆದಿರಬಹುದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಹಬ್ಬಕ್ಕೆಂದು ಊರಿಗೆ ಬರುತ್ತಾಳೆ. ಬಂದವಳೇ ‘ಅಮ್ಮಾ, ನನಗೆ ಹಾಲು ಹಾಕಿದ ಕಾಫಿ ಬೇಡ, ಒಬ್ಬಟ್ಟಿನ ಮೇಲೆ ತುಪ್ಪ ಬೇಡ, ಕೊನೆಗೆ ಮೊಸರನ್ನವೂ ಬೇಡ’ ಎನ್ನುತ್ತಾಳೆ. ಹಾಲು ಮೊಸರಿಲ್ಲದೆ ಮೈಗೆ ಶಕ್ತಿ ಎಲ್ಲಿಂದ ಬರಬೇಕು ಎಂದು ತಾಯಿಗೆ ಗಾಬರಿ. ಕರುವಿನ ಪಾಲನ್ನು ಕಸಿದು ಕುಡಿಯುವುದು ಅನ್ಯಾಯವೆಂದು ಇವರಿಗೇಕೆ ಅನಿಸುವುದಿಲ್ಲ ಎಂದು ಮಗಳಿಗೆ ಸಿಟ್ಟು. ತಲೆಮಾರುಗಳಿಂದ ಸಸ್ಯಾಹಾರಿಗಳಾದ ತಮಗೇ ಈ ಹುಡುಗಿ ದಯೆಯ ಪಾಠ ಹೇಳುತ್ತಿದ್ದಾಳಲ್ಲ ಎಂದು ಅಜ್ಜಿಗೆ ಬೇಸರ.

ಈ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಗಂಟು ಬಿದ್ದಿವೆ. ಪ್ರಾಣಿಜನ್ಯವಾದ ಯಾವುದನ್ನೂ ತಿನ್ನದೆ ಮನುಷ್ಯ ಆರೋಗ್ಯವಾಗಿ ಬದುಕಬಲ್ಲನೇ ಎಂಬುದು ಮೊದಲನೆಯದು. ಹಾಗೆ ಬದುಕುವವನು ಉಳಿದವರಿಗಿಂತ ಒಳ್ಳೆಯ ಮನುಷ್ಯನೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಎರಡನೆಯದು ನಿಮ್ಮ ಮನಸ್ಸಾಕ್ಷಿಗೆ ಸೇರಿದ್ದು. ಆದರೆ ಆರೋಗ್ಯದ ಅಂಕಣದಲ್ಲಿ ಅದನ್ನು ಎತ್ತಲು ಕಾರಣವಿದೆ. ‘ನಾನು ಒಳ್ಳೆಯದನ್ನು ಮಾಡುತ್ತಿದ್ದೇನೆ, ಆದ್ದರಿಂದ ನನಗೆ ಕೆಟ್ಟದ್ದು ಆಗಲಾರದು’ ಎಂಬ ನಂಬಿಕೆಯಿಂದಲೇ ಕೆಲವರು ಆಸ್ಪತ್ರೆಯ ಬಾಗಿಲಿಗೆ ತಡವಾಗಿ ಬರುತ್ತಾರೆ.

ವೀಗನ್ ಎಂದರೇನು?

ನಮ್ಮಲ್ಲಿ ಸಸ್ಯಾಹಾರಿ ಎಂದರೆ ಮಾಂಸ, ಮೀನು, ಮೊಟ್ಟೆ ತಿನ್ನದವರು. ಹಾಲು, ಮೊಸರು, ಬೆಣ್ಣೆ, ತುಪ್ಪಗಳಿಗೆ ಅಡ್ಡಿಯಿಲ್ಲ. ವೀಗನ್ ಎನ್ನಿಸಿಕೊಳ್ಳುವವರು ಇವನ್ನೂ ಬಿಡುತ್ತಾರೆ. ಜೇನುತುಪ್ಪವಿಲ್ಲ, ರೇಷ್ಮೆಯ ಸೀರೆಯಿಲ್ಲ, ಚರ್ಮದ ಚಪ್ಪಲಿಯೂ ಇಲ್ಲ. ಇದು ಕೇವಲ ಪಥ್ಯವಲ್ಲ, ಪ್ರಾಣಿಗಳನ್ನು ಮನುಷ್ಯನ ಉಪಯೋಗಕ್ಕೆ ದುಡಿಸಬಾರದೆಂಬ ಒಂದು ನಿಲುವು.

ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1944ರಲ್ಲಿ. ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಗೆಳೆಯರು ಹಾಲು ಮೊಟ್ಟೆಗಳನ್ನು ಬಿಟ್ಟ ಸಸ್ಯಾಹಾರಿಗಳಿಗೆಂದೇ ‘ವೀಗನ್ ಸೊಸೈಟಿ’ ಎಂಬ ಸಂಘ ಕಟ್ಟಿದರು. ವಾಟ್ಸನ್ 2005ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ನಮ್ಮ ದೇಶದಲ್ಲೂ ಈ ಆಹಾರಕ್ಕೆ ಈಗ ಕಾನೂನಿನ ಗುರುತಿದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರದ ಬಗ್ಗೆ ಪ್ರತ್ಯೇಕ ನಿಯಮಗಳನ್ನು ತಂದಿತು. ಸಸ್ಯಾಹಾರದ ಹಸಿರು ಚುಕ್ಕೆಯಂತೆಯೇ ವೀಗನ್ ಪೊಟ್ಟಣಗಳಿಗೂ ಬೇರೆಯೇ ಒಂದು ಹಸಿರು ಚಿಹ್ನೆ ಬಂದಿದೆ.

ಹೆಸರು ಹೊಸದಾದರೂ ಊಟ ನಮಗೆ ಹೊಸದೇನಲ್ಲ. ರಾಗಿ ಮುದ್ದೆ ಮತ್ತು ಹುರುಳಿ ಬಸ್ಸಾರು, ಜೋಳದ ರೊಟ್ಟಿ ಮತ್ತು ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಅಗಸೆ ಚಟ್ನಿ, ತೆಂಗಿನ ಹಾಲಿನ ಪಾಯಸ ಇವೆಲ್ಲವೂ ವೀಗನ್ ಊಟವೇ. ಹಾಲು ತುಪ್ಪ ಕೊಳ್ಳುವ ಶಕ್ತಿಯಿಲ್ಲದ ಎಷ್ಟೋ ಮನೆಗಳಲ್ಲಿ ಇಂತಹ ಊಟ ದಿನನಿತ್ಯದ್ದು. ಅವರನ್ನು ಯಾರೂ ಆದರ್ಶವಾದಿಗಳೆಂದು ಕರೆಯಲಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ದೇಹಕ್ಕೆ ಲಾಭವೇನು?

ಕಾಳು, ಬೇಳೆ, ಸೊಪ್ಪು, ತರಕಾರಿ, ಹಣ್ಣುಗಳೇ ತುಂಬಿದ ಊಟದಲ್ಲಿ ನಾರಿನಂಶ ಹೆಚ್ಚು, ಜಿಡ್ಡು ಕಡಿಮೆ. ತುಪ್ಪ, ಬೆಣ್ಣೆ, ಮಾಂಸಗಳಲ್ಲಿರುವ ಗಟ್ಟಿ ಕೊಬ್ಬು ಹೊಟ್ಟೆಗೆ ಹೋಗದಿದ್ದಾಗ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಮಲಬದ್ಧತೆ ಹೋಗುತ್ತದೆ, ತೂಕ ಹತೋಟಿಗೆ ಬರುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 48,000ಕ್ಕೂ ಹೆಚ್ಚು ಮಂದಿಯನ್ನು ಸುಮಾರು 18 ವರ್ಷಗಳ ಕಾಲ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ (ವೀಗನ್ನರೂ ಸೇರಿ) ಹೃದಯದ ರಕ್ತನಾಳಗಳ ಕಾಯಿಲೆ ಶೇಕಡಾ 22ರಷ್ಟು ಕಡಿಮೆ ಕಂಡುಬಂದಿತು.

ಆದರೆ ಅದೇ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೆ ಪಾರ್ಶ್ವವಾಯು ಶೇಕಡಾ 20ರಷ್ಟು ಹೆಚ್ಚಾಗಿತ್ತು. ಅದೇ ತಂಡ 2020ರಲ್ಲಿ ಮೂಳೆ ಮುರಿತದ ಲೆಕ್ಕವನ್ನೂ ಹೊರತಂದಿತು. ಮಾಂಸಾಹಾರಿಗಳಿಗೆ ಹೋಲಿಸಿದರೆ ವೀಗನ್ನರಲ್ಲಿ ಒಟ್ಟಾರೆ ಮುರಿತಗಳು ಶೇಕಡಾ 43ರಷ್ಟು ಹೆಚ್ಚು, ಸೊಂಟದ ಮೂಳೆಯ ಮುರಿತ ಎರಡು ಪಟ್ಟಿಗಿಂತಲೂ ಹೆಚ್ಚು. ಸುಣ್ಣದಂಶ, ಪ್ರೋಟೀನು ಸಾಕಷ್ಟು ಸಿಗದಿರುವುದು ಮತ್ತು ಮೈತೂಕ ತೀರ ಕಡಿಮೆಯಿರುವುದು ಇದಕ್ಕೆ ಕಾರಣಗಳಾಗಿರಬಹುದೆಂದು ಸಂಶೋಧಕರು ಹೇಳಿದ್ದಾರೆ. ಅಂದರೆ ವೀಗನ್ ಆಹಾರ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ತಟ್ಟೆಯಿಂದ ಏನನ್ನು ತೆಗೆದಿರಿ ಎಂಬುದರಷ್ಟೇ ಆ ಜಾಗಕ್ಕೆ ಏನನ್ನು ಬಡಿಸಿಕೊಂಡಿರಿ ಎಂಬುದೂ ಮುಖ್ಯ. ಮೈದಾ, ಸಕ್ಕರೆ, ಕರಿದ ಎಣ್ಣೆ ಮೂರೂ ಸಸ್ಯದಿಂದಲೇ ಬಂದವು ಎಂಬುದನ್ನು ಮರೆಯಬೇಡಿ. ಚಿಪ್ಸ್ ಮತ್ತು ತಂಪು ಪಾನೀಯದ ಮೇಲೆ ಬದುಕುವ ಹುಡುಗನೂ ವೀಗನ್ನನೇ.

ಸಸ್ಯಗಳಲ್ಲಿ ಸಿಗದ ಒಂದು ಜೀವಸತ್ವ

ವೀಗನ್ ಆಹಾರದ ನಿಜವಾದ ತೊಡಕು ಜೀವಸತ್ವ ಬಿ-12. ಇದನ್ನು ಗಿಡಮರಗಳು ತಯಾರಿಸಲಾರವು, ಪ್ರಾಣಿಗಳೂ ತಯಾರಿಸಲಾರವು. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯಲ್ಲಿ ಅಂತಹ ಬ್ಯಾಕ್ಟೀರಿಯಾಗಳಿರುವುದರಿಂದ ಅದರ ಹಾಲಿಗೂ ಮಾಂಸಕ್ಕೂ ಬಿ-12 ಸೇರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅವಿವೆ. ಆದರೆ ಬಿ-12 ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ದೊಡ್ಡ ಕರುಳು ಅದಕ್ಕಿಂತ ಮುಂದಿದೆ. ಹೀಗಾಗಿ ಅಲ್ಲಿ ತಯಾರಾದದ್ದು ನಮಗೆ ದಕ್ಕದೆ ಹೊರಹೋಗುತ್ತದೆ.

ನಮಗೆ ಬೇಕಾದ್ದಾದರೂ ಎಷ್ಟು? ದಿನಕ್ಕೆ ಎರಡು ಮೈಕ್ರೊಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು! ಇಷ್ಟು ಅತ್ಯಲ್ಪವಾದರೂ ಅದು ಇಲ್ಲದೆ ರಕ್ತಕಣಗಳು ಸರಿಯಾಗಿ ಹುಟ್ಟುವುದಿಲ್ಲ, ನರಗಳ ಮೇಲಿನ ಹೊದಿಕೆ ಉಳಿಯುವುದಿಲ್ಲ.

ಈ ಕೊರತೆಯಲ್ಲಿ ಎರಡು ಮೋಸಗಳಿವೆ. ಮೊದಲನೆಯದಾಗಿ, ನಮ್ಮ ಪಿತ್ತಜನಕಾಂಗದಲ್ಲಿ ಎರಡರಿಂದ ಐದು ವರ್ಷಗಳಿಗೆ ಸಾಕಾಗುವಷ್ಟು ಬಿ-12 ದಾಸ್ತಾನಿರಬಹುದು. ಹಾಲು ಬಿಟ್ಟ ಮೊದಲ ವರ್ಷ ಏನೂ ತೊಂದರೆಯಾಗದು. ‘ನೋಡಿ, ಹಾಲು ಬಿಟ್ಟ ಮೇಲೆ ನಾನು ಇನ್ನೂ ಚುರುಕಾಗಿದ್ದೇನೆ’ ಎಂದು ಹೇಳಿಕೊಂಡು ತಿರುಗುವ ಕಾಲವಿದು. ಎರಡನೆಯದಾಗಿ, ಸೊಪ್ಪು ಕಾಳುಗಳಲ್ಲಿ ಫೋಲಿಕ್ ಆಮ್ಲದ ವರ್ಗದ ಜೀವಸತ್ವ ಹೇರಳವಾಗಿರುವುದರಿಂದ ರಕ್ತಹೀನತೆ ಮೇಲೆ ಕಾಣಿಸಿಕೊಳ್ಳದೆ ಮರೆಯಾಗಿರಬಹುದು. ರಕ್ತದ ವರದಿ ಚೆನ್ನಾಗಿದೆಯೆಂದು ನೀವು ಸುಮ್ಮನಿರುವಾಗಲೇ ಬೆನ್ನುಹುರಿಯ ನರಗಳು ಸವೆಯುತ್ತಿರುತ್ತವೆ.

ಲಕ್ಷಣಗಳು ಮೆಲ್ಲಗೆ ಬರುತ್ತವೆ. ಪಾದಗಳಲ್ಲಿ ಜೋಮು, ಇರುವೆ ಹರಿದಂತೆ ಅಥವಾ ಸೂಜಿ ಚುಚ್ಚಿದಂತೆ ಅನ್ನಿಸುವುದು. ನಾಲಗೆ ಕೆಂಪಾಗಿ ನುಣುಪಾಗಿ ಉರಿಯುವುದು. ಮೆಟ್ಟಿಲು ಹತ್ತಿದರೆ ಏದುಸಿರು. ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯದಿರುವುದು. ಮುಖ ತೊಳೆಯಲು ಕಣ್ಣು ಮುಚ್ಚಿ ಬಗ್ಗಿದಾಗ ಮೈ ಓಲಾಡುವುದು. ಮರೆವು, ಕಾರಣವಿಲ್ಲದ ಸಿಡುಕು, ಮನಸ್ಸಿಗೆ ಮಂಕು ಕವಿಯುವುದು. ಬೇಗ ಗುರುತಿಸಿ ಚುಚ್ಚುಮದ್ದು ಅಥವಾ ಮಾತ್ರೆ ಕೊಟ್ಟರೆ ಬಹುಪಾಲು ಗುಣವಾಗುತ್ತದೆ. ತಡವಾದರೆ ನರಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು.

ಇಡ್ಲಿ ಹಿಟ್ಟು ಹುಳಿ ಬಂದರೆ ಬಿ-12 ಬರುತ್ತದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಬೇಕಾದಷ್ಟಿದೆ, ತೊಳೆಯದ ತರಕಾರಿ ತಿಂದರೆ ಸಾಕು ಎಂಬ ಮಾತುಗಳನ್ನು ನೀವು ಕೇಳಿರಬಹುದು. ಇವು ಯಾವುವನ್ನೂ ನಂಬಿಕೊಂಡಿರುವಂತಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಬಿ-12ನ್ನು ಹೋಲುವ, ಆದರೆ ನಮ್ಮ ದೇಹಕ್ಕೆ ಉಪಯೋಗವಾಗದ ವಸ್ತು. ತೊಳೆಯದ ತರಕಾರಿಯಿಂದ ಜಂತುಹುಳು, ಆಮಶಂಕೆಗಳು ಬರಬಹುದು.

ಇದನ್ನು ಓದಿ ಹಾಲು ಕುಡಿಯುವವರು ಹೆಮ್ಮೆಪಡುವಂತಿಲ್ಲ. ನಮ್ಮ ದೇಶದ ಸಾಮಾನ್ಯ ಸಸ್ಯಾಹಾರಿಗಳಲ್ಲೂ ಬಿ-12 ಕೊರತೆ ತೀರ ಸಾಮಾನ್ಯ. ಕಾಫಿಗೆ ಎರಡು ಚಮಚ ಹಾಲು, ಊಟದ ಕೊನೆಗೆ ಒಂದು ಸೌಟು ನೀರು ಮಜ್ಜಿಗೆ, ಇಷ್ಟರಲ್ಲಿ ದಿನದ ಪ್ರಮಾಣ ಸಿಗುವುದಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಎದೆಯುರಿಗೆಂದು ವರ್ಷಗಟ್ಟಲೆ ಆಮ್ಲ ಕಡಿಮೆ ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ವಯಸ್ಸಾದವರಲ್ಲಿ ಬಿ-12 ಹೀರಿಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. ಹಬ್ಬಕ್ಕೆ ಬಂದ ಮೊಮ್ಮಗಳ ಜೊತೆ ಅಜ್ಜಿಯೂ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಇಬ್ಬರದೂ ಕಡಿಮೆಯಿರುವ ಸಂಭವವೇ ಹೆಚ್ಚು.

ಪರಿಹಾರ ಸುಲಭ

ಬಿ-12 ಮಾತ್ರೆಗಳನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳನ್ನು ಬೆಳೆಸಿ. ಅದರಲ್ಲಿ ಪ್ರಾಣಿಹಿಂಸೆಯ ಪ್ರಶ್ನೆಯೇ ಇಲ್ಲ. ವಯಸ್ಕರು ದಿನಕ್ಕೆ ಕನಿಷ್ಠ 10 ಮೈಕ್ರೊಗ್ರಾಂ ಅಥವಾ ವಾರಕ್ಕೆ 2,000 ಮೈಕ್ರೊಗ್ರಾಂ ತೆಗೆದುಕೊಳ್ಳಬೇಕೆಂದು ಇಂಗ್ಲೆಂಡಿನ ವೀಗನ್ ಸೊಸೈಟಿಯೇ ತನ್ನ ಸದಸ್ಯರಿಗೆ ಹೇಳುತ್ತದೆ. ಈಗಾಗಲೇ ಕೊರತೆಯಿದ್ದರೆ ಈ ಪ್ರಮಾಣ ಸಾಲದು, ವೈದ್ಯರು ಹೇಳಿದಂತೆ ಚಿಕಿತ್ಸೆ ನಡೆಯಬೇಕು.

‘ಮಾತ್ರೆ ತಿನ್ನಬೇಕಾದ ಆಹಾರ ಸಹಜವಾದದ್ದು ಹೇಗಾದೀತು?’ ಎಂದು ಕೆಲವರು ಹಿಂಜರಿಯುತ್ತಾರೆ. ಉಪ್ಪಿಗೆ ಅಯೋಡಿನ್ ಬೆರೆಸಿದ್ದೂ ಸಹಜವಲ್ಲ. ಆದರೂ ಅದರಿಂದ ಗಳಗಂಡ ಕಡಿಮೆಯಾಯಿತು. ಈ ಮಾತು ಬಂದಾಗ ಇನ್ನೊಂದು ಎಚ್ಚರಿಕೆ: ವೀಗನ್ನರು ಸೈಂಧವ ಲವಣಕ್ಕೆ ಮರುಳಾಗಿ ಅಯೋಡಿನ್ ಬೆರೆಸಿದ ಉಪ್ಪನ್ನು ಬಿಡಬಾರದು. ಹಾಲು ಮೀನುಗಳನ್ನು ಬಿಟ್ಟವರಿಗೆ ಅಯೋಡಿನ್ ಸಿಗುವ ಮುಖ್ಯ ದಾರಿ ಅದೊಂದೇ.

ಸುಣ್ಣದಂಶದ ವಿಷಯದಲ್ಲಿ ಕನ್ನಡಿಗರು ಪುಣ್ಯವಂತರು. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದಂಶವಿದ್ದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೂ ಅರ್ಧ ಪಾಲು ಬಂದಂತಾಯಿತು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣದಂಶವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದು ಕಡಿಮೆಯಾಗುತ್ತದೆ. ಎಳ್ಳು, ನುಗ್ಗೆಸೊಪ್ಪು, ದಂಟಿನ ಸೊಪ್ಪುಗಳಲ್ಲೂ ಸುಣ್ಣದಂಶ ಧಾರಾಳ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚಾಗಿರುವುದರಿಂದ ಅದರ ಸುಣ್ಣದಂಶ ಹೆಚ್ಚು ದಕ್ಕುವುದಿಲ್ಲ.

ಪ್ರೋಟೀನಿಗೆ ಬೇಳೆ, ಹುರುಳಿ, ಅವರೆ, ಕಡಲೆ, ಶೇಂಗಾ, ಸೋಯಾ ಇವೆ. ತಟ್ಟೆಯಲ್ಲಿ ಅನ್ನದ ಗುಡ್ಡವೂ ಅದರ ಮೇಲೆ ತಿಳಿಸಾರೂ ಇದ್ದರೆ ಸಾಲದು, ಪ್ರತಿ ಊಟದಲ್ಲೂ ಗಟ್ಟಿ ಬೇಳೆಯೋ ಕಾಳಿನ ಪಲ್ಯವೋ ಇರಬೇಕು. ಸೊಪ್ಪು ಕಾಳುಗಳ ಕಬ್ಬಿಣಾಂಶ ಚೆನ್ನಾಗಿ ದಕ್ಕಬೇಕಾದರೆ ಮೇಲೆ ನಿಂಬೆರಸ ಹಿಂಡಿ, ಕಾಫಿ ಟೀಗಳನ್ನು ಊಟವಾದ ಒಂದು ಗಂಟೆಯ ನಂತರ ಕುಡಿಯಿರಿ. ಮೀನಿನಲ್ಲಿ ಸಿಗುವ ಬಗೆಯ ಒಳ್ಳೆಯ ಕೊಬ್ಬಿಗೆ ದಿನಕ್ಕೊಂದು ಚಮಚ ಅಗಸೆ ಪುಡಿ ಸ್ವಲ್ಪಮಟ್ಟಿನ ಬದಲಿ. ಅಂಗಡಿಯ ಬಾದಾಮಿ ಹಾಲು, ತೆಂಗಿನ ಹಾಲುಗಳಲ್ಲಿ ಪ್ರೋಟೀನು ಅತ್ಯಲ್ಪ. ದನದ ಹಾಲಿಗೆ ಹತ್ತಿರವಾದದ್ದು ಸೋಯಾ ಹಾಲು ಮಾತ್ರ. ಅದರಲ್ಲೂ ಸುಣ್ಣದಂಶ, ಬಿ-12 ಬೆರೆಸಿದ್ದಾರೆಯೇ ಎಂದು ಪೊಟ್ಟಣದ ಮೇಲೆ ಓದಿ ನೋಡಿ ಕೊಳ್ಳಿ.

ವ್ರತ ನಿಮ್ಮದು, ಹಸಿವು ಯಾರದು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ವೀಗನ್ನರ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲು ಆಗದು. ಹಸು ಹಾಲು ಕೊಡಬೇಕಾದರೆ ಅದು ಕರು ಹಾಕಲೇಬೇಕು. ಹುಟ್ಟಿದ ಕರುಗಳಲ್ಲಿ ಅರ್ಧದಷ್ಟು ಗಂಡು. ಉಳಲು ಟ್ರ್ಯಾಕ್ಟರ್, ಗರ್ಭ ಕಟ್ಟಿಸಲು ಕೃತಕ ಗರ್ಭಧಾರಣೆ ಬಂದ ಮೇಲೆ ಆ ಗಂಡುಕರುವಿಗೆ ಹಟ್ಟಿಯಲ್ಲಿ ಕೆಲಸವಿಲ್ಲ. ಅದರ ಗತಿಯೇನಾಗುತ್ತದೆಂದು ಹಾಲು ಕುಡಿಯುವ ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳಿ, ಮನಸ್ಸು ಕಲಕಿ, ಹಾಲು ಬಿಟ್ಟವರನ್ನು ಹಾಸ್ಯ ಮಾಡುವುದು ಸರಿಯಲ್ಲ. ಹಾಗೆಯೇ ಎರಡು ಹಸುಗಳನ್ನು ಸಾಕಿ ಡೇರಿಗೆ ಹಾಲು ಹಾಕಿ ಮಕ್ಕಳ ಶಾಲೆಯ ಖರ್ಚು ತೂಗಿಸುವ ಹಳ್ಳಿಯ ಹೆಣ್ಣುಮಗಳನ್ನು ಕ್ರೂರಿ ಎನ್ನುವುದೂ ಸರಿಯಲ್ಲ.

ಈ ಸಂಕಟವನ್ನು ಸ್ವತಃ ಅನುಭವಿಸಿದವರು ಗಾಂಧೀಜಿ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ 1912ರಲ್ಲಿ ಅವರು ಹಾಲನ್ನು ಬಿಟ್ಟರು. ಹೆಚ್ಚು ಹಾಲು ಕರೆಯಲೆಂದು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರಗಳನ್ನು ಓದಿದ್ದೂ ಇದಕ್ಕೆ ಒಂದು ಕಾರಣ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ಆಮಶಂಕೆಯಿಂದ ಹಾಸಿಗೆ ಹಿಡಿದರು. ಹಾಲು ಕುಡಿಯದೆ ಮೈ ಚೇತರಿಸದು ಎಂದು ವೈದ್ಯರು ಹೇಳಿದರು. ನಿಮ್ಮ ವ್ರತ ಹಸು ಎಮ್ಮೆಗಳ ಹಾಲಿಗೆ ತಾನೇ, ಆಡಿನ ಹಾಲಿಗೆ ಅಡ್ಡಿಯೇನು ಎಂದು ಕಸ್ತೂರಬಾ ಕೇಳಿದರು. ಗಾಂಧೀಜಿ ಒಪ್ಪಿ ಆಡಿನ ಹಾಲು ಕುಡಿದರು. ಮಾತು ಉಳಿಯಿತೇ ಹೊರತು ಅದರ ಹಿಂದಿನ ಭಾವ ಉಳಿಯಲಿಲ್ಲವೆಂಬ ಕೊರಗನ್ನು ತಮ್ಮ ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ. ಅಷ್ಟೇ ಅಲ್ಲ, ತಮ್ಮನ್ನು ನೋಡಿ ಹಾಲು ಬಿಟ್ಟವರು ಅದರಿಂದ ಪ್ರಯೋಜನ ಕಾಣದಿದ್ದರೆ, ಅನುಭವಿ ವೈದ್ಯರ ಸಲಹೆಯೂ ಇಲ್ಲದಿದ್ದರೆ, ಮುಂದುವರಿಸಬಾರದೆಂದು ಎಚ್ಚರಿಸಿದ್ದಾರೆ. ಹಾಲಿಗೆ ಬದಲಾಗಿ ಸಸ್ಯಮೂಲದ ಆಹಾರವೊಂದು ಸಿಗಬಾರದೇ ಎಂಬುದು ಅವರ ಹಂಬಲವಾಗಿತ್ತು. ಬಿ-12ನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ, ಗಾಂಧೀಜಿ ಹತರಾದ ವರ್ಷವೇ. ಅವರಿಗೆ ಸಿಗದ ಮಾತ್ರೆ ಈಗ ಊರಿನ ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಅವರು ಮಾತನಾಡಿದಾಗ ಕೇಳುಗರಿಗೆ ಕೊಟ್ಟ ಬುದ್ಧಿವಾದ ಸಹನೆ ಮತ್ತು ನಮ್ರತೆಯದು. ಅದಕ್ಕೂ ಹತ್ತು ವರ್ಷ ಮೊದಲೇ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ, ದೇವರಿಗೆ ಅಂಜಿ ನಡೆಯುವ ಮಾಂಸಾಹಾರಿಯು, ಮಾಂಸ ಮುಟ್ಟದೆ ಪ್ರತಿ ನಡತೆಯಲ್ಲೂ ಅಧರ್ಮಿಯಾದವನಿಗಿಂತ ಮೇಲು ಎಂಬ ಅರ್ಥದ ಮಾತು ಬರೆದಿದ್ದರು. ಆಹಾರಕ್ಕಾಗಿ ಅವರಷ್ಟು ತಲೆ ಕೆಡಿಸಿಕೊಂಡವರು ವಿರಳ. ಅಂಥವರೇ ತಟ್ಟೆಯನ್ನು ಒಳ್ಳೆಯತನದ ಅಳತೆಗೋಲಾಗಿ ಮಾಡಲಿಲ್ಲ.

ಒಂದು ಒಳ್ಳೆಯ ಕೆಲಸ ಮಾಡಿದವರು ‘ನನ್ನ ಪಾಲಿನದು ಮುಗಿಯಿತು’ ಎಂದು ಬೇರೆ ಕಡೆ ಸಡಿಲವಾಗುತ್ತಾರೆಯೇ ಎಂದು ಮನೋವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಪರಿಸರಸ್ನೇಹಿ ಸಾಮಾನು ಕೊಂಡವರು ಆಮೇಲಿನ ಆಟದಲ್ಲಿ ಹೆಚ್ಚು ಮೋಸ ಮಾಡಿದರೆಂದು ಕೆನಡಾದ ಇಬ್ಬರು ಸಂಶೋಧಕರು 2010ರಲ್ಲಿ ವರದಿ ಮಾಡಿದರು. ಅದು ಬಹಳ ಪ್ರಚಾರ ಪಡೆಯಿತು. ಆದರೆ 2019ರಲ್ಲಿ ಝೆಕ್ ದೇಶದ ಸಂಶೋಧಕರು ಮೂರು ಬಾರಿ ಮಾಡಿ ನೋಡಿದಾಗ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಪೇಟೆಯಲ್ಲಿ ನೀವು ಏನನ್ನು ಕೊಳ್ಳುತ್ತೀರಿ ಎಂಬುದರಿಂದಲೇ ನೀವು ಕೆಟ್ಟವರಾಗಿ ಬಿಡುವುದಿಲ್ಲ. ಒಳ್ಳೆಯವರೂ ಆಗಿಬಿಡುವುದಿಲ್ಲ. ಮೇಲೆ ಹೇಳಿದ, ಹಾಲು ಕೊಳ್ಳಲಾಗದ ಮನೆಯವರನ್ನು ನೆನೆಸಿಕೊಳ್ಳಿ. ಅವರ ಊಟವೂ ನಿಮ್ಮ ಊಟವೂ ಒಂದೇ. ಆ ಊಟದಿಂದ ಅವರಿಗೆ ಸಿಗದ ಗೌರವವನ್ನು ನಾವು ಬಯಸುವುದು ಯಾವ ನ್ಯಾಯ?

ಮಕ್ಕಳ ವಿಷಯದಲ್ಲಿ ಎಚ್ಚರ

ವಯಸ್ಸಿಗೆ ಬಂದವರು ತಮ್ಮ ಮಟ್ಟಿಗೆ ವ್ರತ ಹಿಡಿಯುವುದು ಒಂದು. ಆ ವ್ರತದ ಭಾರವನ್ನು ಬಾಯಿಲ್ಲದವರ ಮೇಲೆ ಹೊರಿಸುವುದು ಇನ್ನೊಂದು. ಬಸುರಿ ಬಾಣಂತಿಯರಲ್ಲಿ ಬಿ-12 ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ಆರು ತಿಂಗಳವರೆಗೆ ಚೆನ್ನಾಗಿ ನಗುತ್ತಿದ್ದ ಕೂಸು ಕ್ರಮೇಣ ಮಂಕಾಗುತ್ತದೆ, ನಗುವುದನ್ನು ಬಿಡುತ್ತದೆ, ಕತ್ತು ನಿಲ್ಲಿಸುವುದನ್ನೇ ಮರೆಯುತ್ತದೆ. ಬೆರಳ ಗೆಣ್ಣುಗಳ ಮೇಲೆ ಕಪ್ಪು ಬಣ್ಣ, ತೆಳುವಾದ ಕೂದಲು, ಆಮೇಲೆ ಕೈಕಾಲು ನಡುಕ. ಇಂತಹ ನಡುಕದ ರೋಗವನ್ನು ವೈದ್ಯರು ಮೊದಲು ವರ್ಣಿಸಿದ್ದೇ ನಮ್ಮ ದೇಶದಲ್ಲಿ, 1957ರಲ್ಲಿ. ಇದು ವೀಗನ್ನರ ಮನೆಯ ಕಾಯಿಲೆಯಷ್ಟೇ ಅಲ್ಲ, ಬಡತನದಿಂದಲೋ ಪಥ್ಯದಿಂದಲೋ ಪ್ರಾಣಿಮೂಲದ ಆಹಾರ ಸಾಕಷ್ಟು ಸಿಗದ ತಾಯಂದಿರ ಮಕ್ಕಳಲ್ಲೆಲ್ಲ ಕಾಣುವಂಥದು. ಬೇಗ ಬಿ-12 ಕೊಟ್ಟರೆ ಮಗು ಕೆಲವೇ ದಿನಗಳಲ್ಲಿ ಮತ್ತೆ ಮುಖ ನೋಡಿ ನಗಬಹುದು. ತಡವಾದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಬಹುದು.

ಆದ್ದರಿಂದ ವೀಗನ್ ತಾಯಂದಿರು ಗರ್ಭ ನಿಲ್ಲುವ ಮೊದಲಿನಿಂದಲೇ ಬಿ-12 ತೆಗೆದುಕೊಳ್ಳಬೇಕು. ಎದೆಹಾಲು ತಾಯಿ ಮನಸಾರೆ ಕೊಡುವಂಥದು, ಅದು ವೀಗನ್ ತತ್ವಕ್ಕೆ ವಿರುದ್ಧವಲ್ಲ. ಒಂದು ವರ್ಷದೊಳಗಿನ ಮಗುವಿಗೆ ಬಾದಾಮಿ ಹಾಲು, ಅಕ್ಕಿ ಹಾಲುಗಳನ್ನು ಎದೆಹಾಲಿಗೆ ಬದಲಾಗಿ ಎಂದೂ ಕೊಡಬೇಡಿ. ಅಮೆರಿಕದ ಆಹಾರ ತಜ್ಞರ ಸಂಘವು ಸರಿಯಾಗಿ ಯೋಜಿಸಿದ ವೀಗನ್ ಆಹಾರ ಎಲ್ಲ ವಯಸ್ಸಿನವರಿಗೂ ಸರಿಯೆಂದು 2016ರಲ್ಲಿ ಹೇಳಿತ್ತು. 2025ರ ಹೊಸ ಹೇಳಿಕೆಯನ್ನು ವಯಸ್ಕರಿಗೆ ಮಾತ್ರ ಸೀಮಿತಗೊಳಿಸಿ, ಗರ್ಭಿಣಿ ಬಾಣಂತಿಯರನ್ನು ಅದರಿಂದ ಹೊರಗಿಟ್ಟಿದೆ. ಮಕ್ಕಳಿಗೆ ಕೊಡಲೇಬಾರದೆಂದು ಇದರ ಅರ್ಥವಲ್ಲ. ಕೊಡುವುದಾದರೆ ಮಕ್ಕಳ ವೈದ್ಯರಿಗೆ ತಿಳಿಸಿ, ಎತ್ತರ ತೂಕಗಳನ್ನು ಅಳೆಸುತ್ತಾ, ತಪ್ಪದೆ ಬಿ-12 ಹನಿ ಹಾಕುತ್ತಾ ಕೊಡಬೇಕು.

ಹದಿಹರೆಯದ ಮಕ್ಕಳಲ್ಲಿ ಇನ್ನೊಂದನ್ನು ಗಮನಿಸಿ. ಮೊದಲು ಹಾಲು, ಆಮೇಲೆ ಎಣ್ಣೆ, ಆಮೇಲೆ ಬೇಯಿಸಿದ್ದು, ಹೀಗೆ ಒಂದೊಂದನ್ನೇ ‘ಅಶುದ್ಧ’ವೆಂದು ಬಿಡುತ್ತಾ ಹೋಗಿ, ತೂಕ ಇಳಿದು, ಹುಡುಗಿಯರಲ್ಲಿ ಮುಟ್ಟು ನಿಂತರೆ ಅದು ದಯೆಯಲ್ಲ, ಕಾಯಿಲೆ. ಶುದ್ಧ ಆಹಾರದ ಈ ಗೀಳಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ‘ಆರ್ಥೊರೆಕ್ಸಿಯ’ ಎಂಬ ಹೆಸರು ಕೊಟ್ಟರು. ಗದರಿಸುವುದರಿಂದ ಇದು ಹೋಗದು, ಮನೋವೈದ್ಯರ ನೆರವು ಬೇಕು.

ಬೇರೆಯವರ ಮಕ್ಕಳ ತಟ್ಟೆಗೂ ಇದೇ ಮಾತು ಸಲ್ಲುತ್ತದೆ. ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಆರಂಭಿಸಿದಾಗ ಅದಕ್ಕೆ ಬಲವಾದ ವಿರೋಧ ಬಂದದ್ದು ನಿಮಗೆ ನೆನಪಿರಬಹುದು. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣಿನ ವ್ಯವಸ್ಥೆಯಿತ್ತು. ಒಂದು ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನೂ ಬಿ-12ನೂ ಇವೆ. ಬಾಳೆಹಣ್ಣಿನಲ್ಲಿ ಬಿ-12 ಇಲ್ಲ. ನನಗೆ ಬೇಡ ಎನ್ನುವುದು ವ್ರತ. ಮನೆಯಲ್ಲಿ ಮೊಟ್ಟೆ ತಿನ್ನುವ ಬಡ ಮಗುವಿಗೂ ಶಾಲೆಯಲ್ಲಿ ಸಿಗಬಾರದು ಎನ್ನುವಾಗ ಆ ವ್ರತದ ಹಸಿವನ್ನು ಇನ್ನೊಬ್ಬರು ಅನುಭವಿಸಬೇಕಾಗುತ್ತದೆ.

ನೀವೇನು ಮಾಡಬೇಕು?

ಹಾಲು ಬಿಡಬೇಕೆಂದು ಮನಸ್ಸು ಮಾಡಿದ್ದರೆ ಅಳುಕದೆ ಬಿಡಿ, ಆದರೆ ಲೆಕ್ಕ ಹಾಕಿ ಬಿಡಿ. ಮೊದಲ ದಿನದಿಂದಲೇ ಬಿ-12 ಮಾತ್ರೆ ಆರಂಭಿಸಿ, ಲಕ್ಷಣ ಬರಲೆಂದು ಕಾಯಬೇಡಿ. ವರ್ಷಕ್ಕೊಮ್ಮೆ ರಕ್ತದಲ್ಲಿ ಹಿಮೊಗ್ಲೋಬಿನ್, ಬಿ-12, ಡಿ ಜೀವಸತ್ವಗಳನ್ನು ನೋಡಿಸಿ. ಡಿ-3 ಮಾತ್ರೆಗಳನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಕಲ್ಲುಹೂವಿನಿಂದ ತೆಗೆದದ್ದೂ ಸಿಗುತ್ತದೆ, ಕೇಳಿ ಪಡೆಯಿರಿ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯವಾದ ಜೆಲಟಿನ್ ಎಂಬ ಕಾರಣಕ್ಕೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಮಾತ್ರೆಯಿದೆಯೇ ಎಂದು ಕೇಳಿ, ಇಲ್ಲದಿದ್ದರೆ ನುಂಗಿ. ಸಾಧ್ಯವಿರುವಷ್ಟು ಮಟ್ಟಿಗೆ ಎಂಬ ಮಾತನ್ನು ವೀಗನ್ ಸೊಸೈಟಿ ತನ್ನ ವ್ಯಾಖ್ಯೆಯಲ್ಲೇ ಸೇರಿಸಿಕೊಂಡಿದೆ.

ಹಾಲು ಬಿಟ್ಟ ಮಗನೋ ಮಗಳೋ ಮನೆಯಲ್ಲಿದ್ದರೆ ತಂದೆತಾಯಿಯರು ಜಗಳವಾಡುವ ಬದಲು ಒಂದು ಸೌಟು ಬೇಳೆ ಹೆಚ್ಚಾಗಿ ಬಡಿಸಿ, ರಾಗಿಯನ್ನು ಮತ್ತೆ ಅಡುಗೆಮನೆಗೆ ತನ್ನಿ. ಅವರಿಗೆ ತಿಳಿಯದಂತೆ ಸಾರಿಗೆ ತುಪ್ಪ ಹಾಕಬೇಡಿ. ಅದರಿಂದ ಬಿ-12 ಸಿಗುವುದಿಲ್ಲ, ನಂಬಿಕೆ ಮಾತ್ರ ಹೋಗುತ್ತದೆ. ಮಕ್ಕಳೂ ಅಷ್ಟೇ, ಅಮ್ಮನ ಕಾಫಿ ಲೋಟವನ್ನು ದಿನಕ್ಕೆರಡು ಸಲ ವಿಚಾರಣೆಗೆ ನಿಲ್ಲಿಸಬೇಡಿ.

ಒಳ್ಳೆಯವರಾಗುತ್ತೇವೆಯೇ ಎಂಬ ಪ್ರಶ್ನೆಗೆ ರಕ್ತ ಪರೀಕ್ಷೆಯಲ್ಲಿ ಉತ್ತರವಿಲ್ಲ. ಹಸುವಿನ ನೋವು ಕಂಡು ಹಾಲು ಬಿಡುವ ಮನಸ್ಸು ಒಳ್ಳೆಯ ಮನಸ್ಸೇ. ಅದೇ ಮನಸ್ಸು ಅಡುಗೆಯವಳ ದಣಿವನ್ನೂ, ಹಾಲು ಮಾರಿ ಬದುಕುವವಳ ಕಷ್ಟವನ್ನೂ, ಮಡಿಲಲ್ಲಿರುವ ಕೂಸಿನ ಅಗತ್ಯವನ್ನೂ ಕಂಡರೆ ಆ ಮಾತಿಗೆ ಬೆಲೆ ಬರುತ್ತದೆ. ಹಾಲು ಕುಡಿಯುವವರಿಗೂ ಮಾಂಸ ತಿನ್ನುವವರಿಗೂ ಈ ದಾರಿ ಮುಚ್ಚಿಲ್ಲ. ನೀವು ಯಾವ ಪಂಗಡಕ್ಕೆ ಸೇರಿದವರೇ ಆಗಿರಿ, ಪಾದಗಳಲ್ಲಿ ಜೋಮು ಶುರುವಾಗಿದ್ದರೆ ವಾದವನ್ನು ಬದಿಗಿಟ್ಟು ನಾಳೆಯೇ ವೈದ್ಯರನ್ನು ಕಾಣಿರಿ.